ಮಳೆಗಾಲದ ನಂತರ ಹಳೆಯ ತೋಟದ ಟ್ರ್ಯಾಕ್ಟರ್ ಸ್ಟಾರ್ಟ್ ಆಗದಿದ್ದಲ್ಲಿ

ಹೆಗ್ಗರಣೆ ಭಾಗದಲ್ಲಿ ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತ ಹಳೆಯ ಸಣ್ಣ ಟ್ರ್ಯಾಕ್ಟರು ಕೀಲಿ ತಿರುಗಿಸಿದಾಗ ಬರಿದೇ ‘ಟಕ್’ ಎಂದರೆ, ಸ್ಟಾರ್ಟರ್ ಮೋಟರನ್ನು ಬಿಚ್ಚಿ ಶಿರಸಿಗೆ ಒಯ್ಯಲು ಆತುರಪಡಬೇಡಿ. ಸ್ಕ್ರೂಡ್ರೈವರಿನಿಂದ ಸೊಲೆನಾಯ್ಡಿನ ತುದಿಗಳನ್ನು ಜೋಡಿಸುವ ರೂಢಿಯಂತೂ ಸಲ್ಲದು. ಗೇರಿನಲ್ಲಿದ್ದರೆ ಯಂತ್ರವು ಪಕ್ಕದಲ್ಲಿ ನಿಂತವರ ಮೇಲೆಯೇ ಹರಿದೀತು.

ಮೊದಲು 12 ವೋಲ್ಟ್ ಬ್ಯಾಟರಿಯನ್ನು ಅಳೆಯಿರಿ. ವಿಶ್ರಾಂತಿಯಲ್ಲಿ 12.6 ಇದ್ದರೆ ಪೂರ್ಣ, 12.2 ಇದ್ದರೆ ಸುಮಾರು ಅರ್ಧ ಚಾರ್ಜು. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯೇ ದುರ್ಬಲ.

ಬ್ಯಾಟರಿ ಸರಿಯಿದ್ದಲ್ಲಿ ಅರ್ಥಿಂಗ್ ತಂತಿಯನ್ನು ಶಂಕಿಸಬೇಕು. ಮಲೆನಾಡಿನ ತೇವದಿಂದ ಅದರ ಬೋಲ್ಟಿನಡಿ ಹಿಡಿಯುವ ತುಕ್ಕು ಹೊರಗೆ ಕಾಣದು. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಬ್ರೇಕ್ ಹಾಕಿ, ಆಸನದಲ್ಲಿ ಕುಳಿತ ಇನ್ನೊಬ್ಬರಿಂದ ಕೀಲಿ ತಿರುಗಿಸಿರಿ. ಆಗ ಬ್ಯಾಟರಿಯ ಋಣ ತುದಿಗೂ ಎಂಜಿನ್ನಿನ ಮೈಗೂ ನಡುವೆ 0.5 ವೋಲ್ಟಿಗಿಂತ ಹೆಚ್ಚು ತೋರಿದರೆ, ತಂತಿಯನ್ನು ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು, ಗ್ರೀಸ್ ಸವರಿರಿ.