ಟ್ರಂಕಿನಲ್ಲಿರುವ ರೋಲ್ ಕ್ಯಾಮೆರಾ ಗುಜರಿಗೆ ಹಾಕುವ ಮುನ್ನ

ಗೊರೇಬಾಳದಂಥ ನಮ್ಮ ಊರುಗಳ ಪಡಸಾಲೆಗಳಲ್ಲಿ ಅಜ್ಜ-ಅಜ್ಜಿಯರ ಕಪ್ಪು-ಬಿಳುಪು ಫೋಟೊ ಇನ್ನೂ ತೂಗುತ್ತಿವೆ. ಅವನ್ನು ತೆಗೆದ ಕ್ಯಾಮೆರಾಗಳು? ಕೆಲವು ಗುಜರಿಗೆ ಹೋದವು, ಕೆಲವು ಟ್ರಂಕಿನ ತಳದಲ್ಲಿವೆ. ಎಲ್ಲವೂ ಕೆಟ್ಟಿವೆ ಎಂದುಕೊಳ್ಳಬೇಡಿ.

ಮನೆಬಳಕೆಗೆ ಬಂದ ಅಗ್ಗದ ಕ್ಯಾಮೆರಾ ಆಗ್ಫಾ ಕ್ಲಿಕ್ 3. ಬರೋಡದ ನ್ಯೂ ಇಂಡಿಯಾ ಇಂಡಸ್ಟ್ರೀಸ್ ಅದನ್ನು ತಯಾರಿಸುತ್ತಿತ್ತು. 120 ರೋಲಿಗೆ 12 ಫೋಟೊ. ಬಿಸಿಲು ಇಲ್ಲವೇ ಮೋಡ, ಆಯ್ಕೆ ಇಷ್ಟೇ. ಬ್ಯಾಟರಿ ಇಲ್ಲ. ಕೆಡುವಂಥದ್ದೂ ಒಳಗೆ ಹೆಚ್ಚೇನಿಲ್ಲ. ಹಾಗಾಗಿ ಅದಕ್ಕೆ ಸರ್ವಿಸ್ ಎನ್ನುವುದೇ ಅಪರೂಪ.

ಸ್ಟುಡಿಯೋದವರ ಕೈಯಲ್ಲಿ ಇದ್ದದ್ದು ಎರಡು ಕಣ್ಣಿನ ಯಾಶಿಕಾ. ಅದರ ಮ್ಯಾಟ್ 124 ಜಿ ಮಾದರಿ 1970ರಿಂದ 1986ರವರೆಗೆ ಬಂತು. ಶಟರ್ ವೇಗ ಒಂದು ಸೆಕೆಂಡಿನಿಂದ ಸೆಕೆಂಡಿನ 500ನೇ ಒಂದು ಭಾಗದವರೆಗೆ. ಇದರ ಕಾಯಿಲೆ ವಿಚಿತ್ರ. ಮದುವೆಮನೆಯಲ್ಲಿ ಫ್ಲ್ಯಾಶ್ ಹಾಕಿ ತೆಗೆಯುತ್ತಿದ್ದರಿಂದ ನಿಧಾನದ ವೇಗಗಳು ಬಳಕೆಗೇ ಬರುತ್ತಿರಲಿಲ್ಲ. ಎಣ್ಣೆ ಒಣಗಿ ಅವೇ ಮೊದಲು ಹಿಡಿದುಕೊಳ್ಳುತ್ತಿದ್ದವು. ಒಂದು ಸೆಕೆಂಡಿಗೆ ಇಟ್ಟರೆ ಎರಡು ಸೆಕೆಂಡ್ ತೆರೆದೇ ಇರುತ್ತಿತ್ತು. ಬಿಚ್ಚಿ, ತೊಳೆದು, ಚೂರೇ ಚೂರು ಎಣ್ಣೆ ಬಿಟ್ಟರೆ ಸರಿ. ಹೆಚ್ಚು ಬಿಟ್ಟರೆ ಅದು ತೆಳು ರೆಕ್ಕೆಗಳಿಗೆ ಹರಿದು ಶಟರ್ ಪೂರ್ತಿ ಅಂಟಿಬಿಡುತ್ತದೆ. ಮೆಕ್ಯಾನಿಕ್‌ನ ಕೈಗುಣ ತಿಳಿಯುವುದು ಇಲ್ಲೇ.

ಪೆಂಟಾಕ್ಸ್ ಕೆ 1000 ಕೂಡ ಗಟ್ಟಿ. 1976ರಿಂದ 1997ರವರೆಗೆ ತಯಾರಾಯಿತು. ಬ್ಯಾಟರಿ ಬೇಕಿದ್ದದ್ದು ಬೆಳಕು ಅಳೆಯಲು ಮಾತ್ರ, ಶಟರ್‌ಗೆ ಬೇಡ. ಯಾಶಿಕಾ ಎಲೆಕ್ಟ್ರೊ 35ರ ಪಾಡು ಬೇರೆ. ಅದರ ವೇಗವನ್ನೆಲ್ಲ ಬ್ಯಾಟರಿಯೇ ನಿರ್ಧರಿಸುತ್ತಿತ್ತು. ಅದಕ್ಕೆ ಬೇಕಾದ ಪಾದರಸದ ಬ್ಯಾಟರಿ ಪೇಟೆಯಿಂದ ಮರೆಯಾದಾಗ ಒಳ್ಳೆಯ ಕ್ಯಾಮೆರಾಗಳೂ ಮೂಲೆ ಸೇರಿದವು.

ಇನ್ನೊಂದು ಶತ್ರು ಚರ್ಮದ ಚೀಲ. ಕ್ಯಾಮೆರಾ ಕಾಪಾಡುತ್ತದೆ ಎಂದು ಅದರಲ್ಲೇ ಇಡುತ್ತೇವೆ. ಚರ್ಮ ತೇವ ಹಿಡಿದಿಡುತ್ತದೆ, ಲೆನ್ಸಿಗೆ ಜೇಡರ ಬಲೆಯಂತೆ ಬೂಷ್ಟು ಹತ್ತುತ್ತದೆ. ಬಹಳ ದಿನ ಬಿಟ್ಟರೆ ಗಾಜನ್ನೇ ತಿನ್ನುತ್ತದೆ. ಅಕ್ಕಿ ಡಬ್ಬಿಯಲ್ಲಿ ಇಡಲೂಬೇಡಿ, ಅಕ್ಕಿಯ ಪುಡಿ ಒಳಗೆ ಹೋಗುತ್ತದೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಸಾಕು.

ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ರೋಲ್ ಈಗ ಬರುವುದಿಲ್ಲ. ಆದರೆ ಬೇರೆ ಕಂಪನಿಗಳ 120 ರೋಲ್ ಈಗಲೂ ತಯಾರಾಗುತ್ತಿವೆ.

ನಿಮ್ಮ ಮನೆಯಲ್ಲಿ ಕ್ಲಿಕ್ 3 ಇದ್ದರೆ ಹಿಂದಿನ ಮುಚ್ಚಳ ಥಟ್ಟನೆ ತೆರೆಯಬೇಡಿ. ಅಲ್ಲಿರುವ ಪುಟ್ಟ ಕೆಂಪು ಕಿಟಕಿಯಲ್ಲಿ ನೋಡಿ. ಅಂಕಿ ಕಂಡರೆ ಒಳಗೆ ತೊಳೆಸದ ರೋಲ್ ಇದೆ. ಅದರಲ್ಲಿ ಯಾರಿದ್ದಾರೋ, ತೆರೆದರೆ ಬೆಳಕಿಗೆ ಅಳಿಸಿಹೋಗುತ್ತಾರೆ.