ಬಿಟ್ಟಿ ಗರದಿಂದ ಬೋನಸ್‌ವರೆಗೆ: ಹುಬ್ಬಳ್ಳಿ-ಧಾರವಾಡದ ಪಣದಾಟದ ಚರಿತ್ರೆ

ಚೌಕಾಬಾರದಲ್ಲಿ ನಾಲ್ಕು ಕವಡೆಗಳೂ ಬಾಯಿ ಮೇಲಾಗಿ ಬಿದ್ದರೆ ನಾಲ್ಕು, ನಾಲ್ಕೂ ಬೋರಲಾಗಿ ಬಿದ್ದರೆ ಎಂಟು. ಇವೆರಡರಲ್ಲಿ ಯಾವುದು ಬಿದ್ದರೂ ಆಡುವವರಿಗೆ ಇನ್ನೊಂದು ಗರ ಬಿಟ್ಟಿ. ಎದುರಾಳಿಯ ಕಾಯಿ ಹೊಡೆದರೂ ಅಷ್ಟೇ. ಕವಡೆಯ ಎರಡು ಮಗ್ಗುಲೂ ಸಮವೆಂದು ಹಿಡಿದರೆ 16 ಸಲಕ್ಕೆ ಎರಡು ಸಲ ಈ ಲಾಭ ಬರಬೇಕು; ನಿಜವಾದ ಕವಡೆಗಳು ಅಷ್ಟು ನ್ಯಾಯವಂತವಲ್ಲ. ನಿಯಮ ಮನೆಯಿಂದ ಮನೆಗೆ ತುಸು ಬದಲಾಗುತ್ತದೆ. ಆದರೆ ನುರಿತವರ ಜಾಣ್ಮೆ ಎಲ್ಲೆಡೆ ಒಂದೇ: ಬಿಟ್ಟಿ ಗರ ಬಂತೆಂದು ಮುಂದಿನ ಕಾಯಿಯನ್ನೇ ಓಡಿಸುವುದಿಲ್ಲ. ಗರಗಳನ್ನೆಲ್ಲ ಹಾಕಿ ಮುಗಿಸಿ, ಆಮೇಲೆ ಹಂಚುತ್ತಾರೆ. ನಾಲ್ಕನ್ನು ಒಂದು ಕಾಯಿಗೆ ಕೊಟ್ಟು ಅದನ್ನು ಕಟ್ಟೆಗೆ ಸೇರಿಸುವುದು, ಜೊತೆಗೆ ಬಂದ ಎರಡನ್ನೋ ಮೂರನ್ನೋ ಇನ್ನೊಂದು ಕಾಯಿಗೆ ಕೊಟ್ಟು ಎದುರಾಳಿಯನ್ನು ಹೊಡೆಯುವುದು, ಹೊಡೆದದ್ದಕ್ಕೆ ಮತ್ತೊಂದು ಗರ ಗಿಟ್ಟಿಸುವುದು. ಒಂದು ಬಿಟ್ಟಿಯನ್ನು ಎರಡು ಮಾಡಿಕೊಳ್ಳುವ ಈ ಲೆಕ್ಕದಲ್ಲಿ ಮನೆಯ ಅಜ್ಜಿಯರನ್ನು ಮೀರಿಸಿದವರು ಕಡಿಮೆ.

ಆಟ ಹಳೆಯದು. ಈಗಿನ ಧಾರವಾಡ ಜಿಲ್ಲೆಯ ಸೀಮೆ ಕಲ್ಯಾಣ ಚಾಲುಕ್ಯರ ಆಳ್ವಿಕೆಗೆ ಸೇರಿದ್ದ 12ನೆಯ ಶತಮಾನದಲ್ಲಿ ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅರಸನ ವಿನೋದಗಳ ಸಾಲಿನಲ್ಲಿ ದಾಳದ ಆಟಕ್ಕೂ ಕವಡೆಯ ಆಟಕ್ಕೂ ಜಾಗವಿದೆ. ಜನರ ಪಣ ಅರಸರದಕ್ಕಿಂತ ಸಣ್ಣದು. ನಾಗರ ಪಂಚಮಿಯಲ್ಲಿ ಉತ್ತರ ಕರ್ನಾಟಕದ ಊರುಗಳಲ್ಲಿ ನಿಂಬೆಹಣ್ಣು ಎಸೆಯುವ ಪಂಥ ಕಟ್ಟುವುದು, ಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ಆಡಿಸುವುದು ಹಬ್ಬದ ಭಾಗವೇ ಆಗಿತ್ತು. ಇಲ್ಲಿ ಆಟ ನಡೆಸುವ ಅಂಗಡಿಕಾರನಿರಲಿಲ್ಲ. ಬಿಟ್ಟಿ ಗರ ಆಟದ ನಿಯಮದಿಂದ ಬರುತ್ತಿತ್ತು, ಎಲ್ಲರಿಗೂ ಸಮನಾಗಿ ಬರುತ್ತಿತ್ತು, ಅದಕ್ಕೆ ಯಾರೂ ಬೆಲೆ ತೆರಬೇಕಿರಲಿಲ್ಲ. ಮುಂದೆ ಬಂದ ಪಣದ ವ್ಯಾಪಾರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಇದೇ ದೊಡ್ಡದು.

ಆ ವ್ಯಾಪಾರದ ಬೇರು ಹತ್ತಿಯಲ್ಲಿದೆ. 1818ರಲ್ಲಿ ಪೇಶ್ವೆಯರಿಂದ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದ ಧಾರವಾಡ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತು. 1840ರ ದಶಕದಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜ ಇಲ್ಲಿನ ಕರಿನೆಲಕ್ಕೆ ಒಗ್ಗಿ ‘ಧಾರವಾಡ-ಅಮೆರಿಕನ್’ ಎಂಬ ಹೆಸರಿನಲ್ಲಿ ಪೇಟೆಗೆ ಹೋಯಿತು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧ ಹತ್ತಿಯ ಬೆಲೆಯನ್ನು ಏರಿಸಿತು. ಯುದ್ಧ ಮುಗಿದಾಗ ಮುಂಬಯಿಯ ಸಟ್ಟಾ ಪೇಟೆ ಕುಸಿಯಿತು. ಹುಬ್ಬಳ್ಳಿ ಹತ್ತಿಯ ದೊಡ್ಡ ಪೇಟೆಯಾಗಿ ಬೆಳೆದಂತೆ, ದೂರದ ಊರಿನ ದರದ ಮೇಲೆ ಇಲ್ಲಿನ ಬದುಕು ತೂಗುವುದು ರೂಢಿಯಾಯಿತು. ಬೆಳೆ ಕಾಣದವನೂ ದರದ ಮೇಲೆ ಪಣ ಕಟ್ಟಬಹುದಿತ್ತು.

ಜೂಜನ್ನು ತಡೆಯಲು ಸರಕಾರ 1887ರಲ್ಲಿ ಮುಂಬಯಿ ಜೂಜು ನಿಷೇಧ ಕಾಯ್ದೆ ತಂದಿತು. ಮಳೆ ಬರುತ್ತದೋ ಇಲ್ಲವೋ ಎಂದು ಮುಂಬಯಿಯಲ್ಲಿ ನಡೆಯುತ್ತಿದ್ದ ಪಣ ಆ ಕಾಯ್ದೆಯ ಹಿಡಿತಕ್ಕೆ ಸಿಗಲಿಲ್ಲವೆಂದು 1890ರಲ್ಲಿ ಅದನ್ನು ತಿದ್ದಬೇಕಾಯಿತು. ಒಂದು ಬಗೆಯ ಪಣವನ್ನು ಕಾಯ್ದೆ ಹಿಡಿಯುವಷ್ಟರಲ್ಲಿ ಇನ್ನೊಂದು ಬಗೆ ಹುಟ್ಟಿಕೊಳ್ಳುವ ಈ ಓಟ ಅಲ್ಲಿಂದ ನಿಂತಿಲ್ಲ.

ಸ್ವಾತಂತ್ರ್ಯದ ನಂತರದ ವರ್ಷಗಳಲ್ಲಿ ಪಣ ಅಂಚೆಯಲ್ಲಿ ಬಂತು. ಮೈಸೂರು ರಾಜ್ಯದ ಬೆಂಗಳೂರಿನಿಂದ ಪ್ರಕಟವಾಗುತ್ತಿದ್ದ ‘ಸ್ಪೋರ್ಟಿಂಗ್ ಸ್ಟಾರ್’ ಪತ್ರಿಕೆ ಪದಬಂಧದ ಬಹುಮಾನ ಸ್ಪರ್ಧೆ ನಡೆಸುತ್ತಿತ್ತು. ಆಗ ಧಾರವಾಡವನ್ನೂ ಒಳಗೊಂಡಿದ್ದ ಮುಂಬಯಿ ರಾಜ್ಯದಲ್ಲಿ ಅದು ವ್ಯಾಪಕವಾಗಿ ಹಂಚಿಕೆಯಾಗುತ್ತಿತ್ತು. ಹೊರಗಿನಿಂದ ನಡೆಯುವ ಇಂಥ ಸ್ಪರ್ಧೆಗೂ ಮುಂಬಯಿ ಸರಕಾರ ತೆರಿಗೆ ಹಾಕಿತು. ಪತ್ರಿಕೆಯ ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಹೂಡಿದ ಮೊಕದ್ದಮೆಯಲ್ಲಿ 1957ರಲ್ಲಿ ಸುಪ್ರೀಂ ಕೋರ್ಟು ತೆರಿಗೆಯನ್ನು ಎತ್ತಿಹಿಡಿದು, ಜೂಜು ಸಂವಿಧಾನ ಕಾಪಾಡುವ ವ್ಯಾಪಾರವಲ್ಲ ಎಂದಿತು. ಅಷ್ಟರಲ್ಲಿ, 1956ರ ನವೆಂಬರ್ 1ರಂದು, ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿಯಾಗಿತ್ತು.

1963ರಲ್ಲಿ ರಾಜ್ಯಕ್ಕೆಲ್ಲ ಒಂದೇ ಪೊಲೀಸ್ ಕಾಯ್ದೆ ಬಂತು. ಅದರ 78ನೇ ಕಲಮು ಓದಿದರೆ ಹುಬ್ಬಳ್ಳಿಯ ಪೇಟೆಯೇ ಕಣ್ಣಿಗೆ ಕಟ್ಟುತ್ತದೆ: ಹತ್ತಿ, ಚಿನ್ನ-ಬೆಳ್ಳಿ ಮೊದಲಾದ ಸರಕಿನ ಪೇಟೆ ದರದ ಮೇಲೆ, ಆ ದರವನ್ನು ಬರೆಯುವ ಸಂಖ್ಯೆಯ ಅಂಕಿಗಳ ಮೇಲೆ, ಅಷ್ಟೇಕೆ, ವಾಹನಗಳ ನೋಂದಣಿ ಸಂಖ್ಯೆಯ ಅಂಕಿಗಳ ಮೇಲೆ ಪಣ ಕಟ್ಟಿಸುವ ಜಾಗ ನಡೆಸುವುದೂ ಅಪರಾಧ. ಅಂಕಿಗಳ ಮಾತು ಸುಮ್ಮನೆ ಬಂದದ್ದಲ್ಲ. ನ್ಯೂಯಾರ್ಕ್ ಹತ್ತಿ ವಿನಿಮಯ ಕೇಂದ್ರದ ಆರಂಭದ ದರ, ಮುಕ್ತಾಯದ ದರ ಟೆಲಿಪ್ರಿಂಟರಿನಲ್ಲಿ ಮುಂಬಯಿಗೆ ಬರುತ್ತಿದ್ದವು. ಅವುಗಳ ಅಂಕಿಗಳ ಮೇಲೆ ಜನ ದುಡ್ಡು ಕಟ್ಟುತ್ತಿದ್ದರು. 1961ರಲ್ಲಿ ಆ ದರಗಳು ನಿಂತುಹೋದವು. ಆಟ ನಿಲ್ಲಲಿಲ್ಲ. 1962ರಲ್ಲಿ ಕಲ್ಯಾಣ್‌ಜಿ ಭಗತ್, 1964ರಲ್ಲಿ ರತನ್ ಖತ್ರಿ ಮುಂಬಯಿಯಲ್ಲಿ ಮಟಕಾ ಆರಂಭಿಸಿದರು. ಹತ್ತಿ ಹೋಗಿ ಬರೀ ಅಂಕಿ ಉಳಿಯಿತು. ಉತ್ತರ ಕರ್ನಾಟಕದ ಬಾಯಲ್ಲಿ ಅದು ‘ಓಸಿ’.

ಇಸ್ಪೀಟಿನ ಮೂರು ಎಲೆ ಎತ್ತಿ ಕೂಡಿಸಿದಾಗ ಬರುವ ಮೊತ್ತದ ಕೊನೆಯ ಅಂಕಿ ‘ಓಪನ್’, ಎರಡನೆಯ ಸಲ ಎತ್ತಿದ್ದು ‘ಕ್ಲೋಸ್’, ಎರಡೂ ಸೇರಿದರೆ ‘ಜೋಡಿ’. ಜೋಡಿಗೆ ನೂರು ಸಾಧ್ಯತೆಗಳಿವೆ. ಪೊಲೀಸರ ಎಫ್‌ಐಆರ್‌ಗಳಲ್ಲಿ ಪದೇ ಪದೇ ಕಾಣುವ ವಾಕ್ಯವೆಂದರೆ ‘ಒಂದು ರೂಪಾಯಿಗೆ 80 ರೂಪಾಯಿ’ ಕೊಡುವುದಾಗಿ ಹೇಳಿ ಚೀಟಿ ಬರೆಯುತ್ತಿದ್ದ ಎಂಬುದು. ಅಂದರೆ ನೂರು ರೂಪಾಯಿ ಬಂದಲ್ಲಿ ಸರಾಸರಿ 20 ಬುಕ್ಕಿಯ ಬಳಿಯೇ ಉಳಿಯುತ್ತದೆ. ಉಳಿದದ್ದೆಲ್ಲ ಉಪಚಾರ: ಪರಿಚಯದವನಿಗೆ ಉದ್ರಿ, ಹಿಂದಿನ ಅಂಕಿಗಳ ಚಾರ್ಟು, ‘ಇವತ್ತು ಇದೇ ಬರ್ತದ’ ಎಂಬ ಸಲಹೆ. ಉದ್ರಿ ಕೊಟ್ಟದ್ದು ಔದಾರ್ಯದಿಂದಲ್ಲ. ದುಡ್ಡಿಲ್ಲದ ದಿನವೂ ಚೀಟಿ ಬರೆಸುವವನು ಬೇಕಿದ್ದ, ಪ್ರತಿ ಚೀಟಿಯಲ್ಲೂ ಆ 20ರ ಪಾಲಿತ್ತು.

ಲಾಟರಿಯ ಕಥೆ ಚಿಕ್ಕದು. ಒಂದಂಕಿಯ ಲಾಟರಿ ಓಸಿಯದೇ ತಮ್ಮನಂತಿತ್ತು. 1998ರ ಕೇಂದ್ರ ಕಾಯ್ದೆ ಅದನ್ನು ತಡೆಯಿತು, 2007ರಲ್ಲಿ ಕರ್ನಾಟಕ ಲಾಟರಿಯನ್ನೇ ಪೂರ್ತಿ ನಿಲ್ಲಿಸಿತು.

ಮೊಬೈಲ್ ಬಂದ ಮೇಲೆ ‘ಬೋನಸ್’ ಎಂಬ ಹೆಸರೇ ವ್ಯಾಪಾರದ ಮುಖವಾಯಿತು. ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಸುಪ್ರೀಂ ಕೋರ್ಟು 1967ರಲ್ಲೇ ಹೇಳಿದ್ದರಿಂದ ಆ್ಯಪ್‌ಗಳು ಅದರ ನೆರಳಿನಲ್ಲಿ ಬೆಳೆದವು. ಸೇರಿದ್ದಕ್ಕೆ ಬೋನಸ್, ಹಣ ತುಂಬಿದ್ದಕ್ಕೆ ಬೋನಸ್, ಗೆಳೆಯನನ್ನು ಕರೆತಂದದ್ದಕ್ಕೆ ಬೋನಸ್. ಆದರೆ ಅದು ಸಾಮಾನ್ಯವಾಗಿ ಬ್ಯಾಂಕಿಗೆ ಎಳೆದುಕೊಳ್ಳುವ ಹಣವಾಗಿರಲಿಲ್ಲ. ಆಡಿದಷ್ಟೂ ತುಣುಕು ತುಣುಕಾಗಿ ಬಿಡುಗಡೆಯಾಗುತ್ತಿತ್ತು. ಒಂದು ಉದಾಹರಣೆ ಹಿಡಿಯಬಹುದು: ಬೋನಸ್ 500 ರೂಪಾಯಿ, ಆಟಗಾರ ಕಟ್ಟಿದ ಸೇವಾ ಶುಲ್ಕದ ಕಾಲುಭಾಗದಷ್ಟು ಬಿಡುಗಡೆ, ಶುಲ್ಕ ಪಣದ ಶೇ 10. ಪೂರ್ತಿ 500 ಕೈಗೆ ಬರಬೇಕಾದರೆ 2,000 ರೂಪಾಯಿ ಶುಲ್ಕ, ಅಂದರೆ 20,000 ರೂಪಾಯಿಯ ಪಣ ಆಗಬೇಕು. ಎದುರಾಳಿಗಳಿಗೆ ಸಮನಾದ ಆಟಗಾರ ಕೊನೆಗೆ 1,500 ಕಳೆದುಕೊಂಡಿರುತ್ತಾನೆ. ಶುಲ್ಕಕ್ಕೆ ಮುಂಚಿನ ಗೆಲುವು ಪಣದ ಶೇ 7.5 ದಾಟುವವನಿಗಷ್ಟೇ ಇದು ಲಾಭ. ಹೇಗಿದ್ದರೂ ಅಷ್ಟು ಆಡುತ್ತಿದ್ದವನಿಗೆ ಬೋನಸ್ ಶುಲ್ಕದ ಕಾಲುಭಾಗದ ರಿಯಾಯಿತಿ. ಬೋನಸ್ಸಿಗಾಗಿ ಆಡಿದವನಿಗೆ ಅದೊಂದು ಖರ್ಚು. ಇನ್ನು ಬಿಡುಗಡೆಯ ಗಡುವು ಮುಗಿದರೆ ಉಳಿದ ತುಣುಕುಗಳೂ ಸಿಗುತ್ತಿರಲಿಲ್ಲ. ನಿಜಕ್ಕೂ ಬಿಟ್ಟಿ ಎನ್ನಬಹುದಾದದ್ದು ಪ್ರವೇಶ ಶುಲ್ಕವಿಲ್ಲದ ಪಂದ್ಯಾವಳಿ ಮಾತ್ರವಾಗಿತ್ತು, ಅಲ್ಲಿ ಹೋಗುತ್ತಿದ್ದುದು ಹೊತ್ತು.

ತೆರಿಗೆ ಈ ಲೆಕ್ಕವನ್ನು ಇನ್ನಷ್ಟು ಬಿಗಿ ಮಾಡಿತು. 2023ರ ಏಪ್ರಿಲ್ 1ರಿಂದ ನಿವ್ವಳ ಗೆಲುವಿನ ಮೇಲೆ ಶೇ 30 ಮೂಲದಲ್ಲೇ ಕಡಿತವಾಗತೊಡಗಿತು. ಆಟಕ್ಕಷ್ಟೇ ಬಳಸಬಹುದಾದ, ಎಳೆದುಕೊಳ್ಳಲಾಗದ ಬೋನಸ್ಸನ್ನು ಗೆಲುವಿನ ಲೆಕ್ಕಕ್ಕೆ ಹಿಡಿಯಬೇಕಿಲ್ಲ, ಎಳೆದುಕೊಳ್ಳಬಹುದಾದ ಹಣವಾಗಿ ಬದಲಾದಾಗ ಹಿಡಿಯಬೇಕು ಎಂದು ಆ ಮೇ ತಿಂಗಳಿನಲ್ಲಿ ನೇರ ತೆರಿಗೆಗಳ ಮಂಡಳಿ ಸುತ್ತೋಲೆ ಹೊರಡಿಸಿತು. ಅಕ್ಟೋಬರ್ 1ರಿಂದ ತುಂಬಿದ ಹಣದ ಮೇಲೆ ಶೇ 28 ಜಿಎಸ್‌ಟಿ ಬಂತು: ನೂರು ರೂಪಾಯಿ ತುಂಬಿದರೆ ತೆರಿಗೆ ಹೋಗಿ ಸುಮಾರು 78 ರೂಪಾಯಿ. ಹಲವು ಕಂಪನಿಗಳು ಆ ಕೊರತೆಯನ್ನೂ ಬೋನಸ್ ರೂಪದಲ್ಲೇ ತುಂಬಿಕೊಟ್ಟವು. ಆಟಗಾರನ ಖಾತೆಯಲ್ಲಿ ನೂರೇ ಕಾಣುತ್ತಿತ್ತು, ಆದರೆ ಅದರ ಐದನೆಯ ಒಂದಕ್ಕಿಂತ ಹೆಚ್ಚು ಪಾಲು ಷರತ್ತಿನ ಹಣ.

ರಾಜ್ಯ ಅದಕ್ಕೂ ಮೊದಲೇ ಕೈಹಾಕಿತ್ತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದ ಪೊಲೀಸ್ ಕಾಯ್ದೆಯ ತಿದ್ದುಪಡಿ 2021ರ ಅಕ್ಟೋಬರ್ 5ರಂದು ಜಾರಿಗೆ ಬಂತು, 2022ರ ಫೆಬ್ರುವರಿ 14ರಂದು ಅದರ ಮುಖ್ಯ ಅಂಶಗಳನ್ನು ಹೈಕೋರ್ಟು ರದ್ದುಪಡಿಸಿತು. ಕೊನೆಗೆ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಯ ಅಂಕಿತ ಬಿದ್ದು, ಕೌಶಲವೋ ಅದೃಷ್ಟವೋ ಎಂಬ ಹಳೆಯ ಭೇದವೇ ಬದಿಗೆ ಸರಿಯಿತು. ಹಣದ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ, ಆಡುವವರಿಗೆ ಶಿಕ್ಷೆಯಿಲ್ಲ. ದೊಡ್ಡ ಆ್ಯಪ್‌ಗಳು ಹಣದ ಆಟ ನಿಲ್ಲಿಸಿ, ತುಂಬಿದ ಹಣವನ್ನೂ ಗೆದ್ದದ್ದನ್ನೂ ವಾಪಸ್ ಪಡೆಯಲು ಅವಕಾಶ ಕೊಟ್ಟವು. ದಿನಕ್ಕಿಷ್ಟು ನಾಣ್ಯ ಬಿಟ್ಟಿ ಕೊಡುವ, ಆದರೆ ಹಣವಾಗಿ ಬದಲಾಗದ ಲೂಡೊ, ರಮ್ಮಿಗಳಿಗೆ ಕಾಯ್ದೆಯ ಅಡ್ಡಿಯಿಲ್ಲ. ಓಸಿ ಚೀಟಿಗೆ ಮಾತ್ರ ಪ್ರಕರಣ ದಾಖಲಾಗುವುದು ಇಂದಿಗೂ 1963ರ ಕಾಯ್ದೆಯ 78(3)ನೇ ಕಲಮಿನಡಿಯಲ್ಲೇ.