ಯಂತ್ರಗಳ ಸಂತೆ

ಸಂತೆ ನಮಗೆ ಹೊಸದಲ್ಲ. ಎತ್ತನ್ನು ಹಲ್ಲು ನೋಡಿ, ನಡೆಸಿ ನೋಡಿ ಕೊಳ್ಳುತ್ತೇವೆ. ಆದರೆ ಲೇತ್ ಯಂತ್ರ ಕೊಳ್ಳುವವರು ಎಲ್ಲಿ ನೋಡಬೇಕು?

ಸಾಲ ಕೇಳಲು ಬ್ಯಾಂಕಿಗೆ ಬರುವ ಸಣ್ಣ ವರ್ಕ್‌ಶಾಪಿನವರ ಕೈಯಲ್ಲಿ ಇರುತ್ತಿದ್ದುದು ಒಂದು ಕೊಟೇಶನ್ ಅಷ್ಟೇ. ಗುಮಾಸ್ತನಾಗಿದ್ದ ನಾನು ಅಂಥವನ್ನು ಬಹಳ ಕಂಡಿದ್ದೇನೆ. ಕಾಗದದ ಮೇಲೆ ಎಲ್ಲ ಯಂತ್ರವೂ ಒಳ್ಳೆಯದೇ!

ಈ ತೊಡಕಿಗೆ ದಾರಿ ತೋರಿಸಿದ್ದು ತಯಾರಕರ ಸಂಘ. 1946ರಲ್ಲಿ ಭಾರತೀಯ ಮೆಷಿನ್ ಟೂಲ್ ತಯಾರಕರ ಸಂಘ ಹುಟ್ಟಿತು. 1969ರಲ್ಲಿ ಅದು ಮುಂಬೈಯಲ್ಲಿ ‘ಇಮ್‌ಟೆಕ್ಸ್’ ಎಂಬ ಪ್ರದರ್ಶನವನ್ನು ಮೊದಲ ಬಾರಿಗೆ ನಡೆಸಿತು. ವ್ಯಾಪಾರದಲ್ಲಿ ಪೈಪೋಟಿ ನಡೆಸುವವರು ಇಲ್ಲಿ ಅಕ್ಕಪಕ್ಕದ ಮಳಿಗೆ ಹಿಡಿಯುತ್ತಾರೆ. ಒಬ್ಬ ಸಣ್ಣ ತಯಾರಕ ಒಂಟಿಯಾಗಿ ಕರೆದರೆ ಯಾರು ಬಂದಾರು? ಜಾಗ ಗೊತ್ತುಮಾಡಿ, ಮಳಿಗೆ ಹಂಚಿ, ಕೊಳ್ಳುವವರನ್ನು ಕರೆಯುವ ಹೊಣೆ ಸಂಘದ್ದು.

ಟನ್‌ಗಟ್ಟಲೆ ತೂಗುವ ಯಂತ್ರವನ್ನು ಓಡಿಸಿ ತೋರಿಸಲು ಬರೀ ಮೈದಾನ ಸಾಲದು. ಗಟ್ಟಿ ನೆಲ, ಕ್ರೇನು, ವಿದ್ಯುತ್ತು ಎಲ್ಲ ಬೇಕು. ಸಂಘ ಬೆಂಗಳೂರಿನ ತುಮಕೂರು ರಸ್ತೆಯಲ್ಲಿ, ಮಾದಾವರದ ಬಳಿ, ತನ್ನದೇ ಪ್ರದರ್ಶನ ಕೇಂದ್ರ ಕಟ್ಟಿಸಿ 2007ರಲ್ಲಿ ತೆರೆಯಿತು. ಇಮ್‌ಟೆಕ್ಸ್ ಈಗ ನಡೆಯುವುದು ಅಲ್ಲಿಯೇ. 2024ರ ನವೆಂಬರಿನಿಂದ ಮಾದಾವರದವರೆಗೆ ಮೆಟ್ರೊ ರೈಲೂ ಇದೆ.

ಹೊಸೂರಿನ ಗೆಳೆಯರೇ, ಬೆಂಗಳೂರು ನಿಮಗೆ ಸುಮಾರು 40 ಕಿಲೋಮೀಟರು. ಸಾಲ ಮಂಜೂರು ಮಾಡುವುದು ಬ್ಯಾಂಕು, ಬಡ್ಡಿ ಕಟ್ಟುವವರು ನೀವು. ಯಂತ್ರ ಓಡುವುದನ್ನು ಕಣ್ಣಾರೆ ನೋಡಿ, ಪಕ್ಕದ ಮಳಿಗೆಯಲ್ಲೂ ದರ ಕೇಳಿ. ಸಹಿ ಹಾಕುವುದು ಆಮೇಲೆ.